ಹುಬ್ಬಳ್ಳಿಯ ಪಟ್ಟಿ, ಮುಲ್ಕೋವಾಲದ ಬಾಟಲಿ

ಕಳೆದ ಮಳೆಗಾಲದಲ್ಲಿ ನನ್ನ ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮಲಾಡಿನಲ್ಲಿ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯೊಂದರಲ್ಲಿ 11 ದಿನ ಇದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಆರನೆಯ ದಿನ ಸಂಜೆ, ಪಕ್ಕದ ಮಂಚದ ವೃದ್ಧೆಗೆ ಕೊಡಬೇಕಾದ ಇನ್ಸುಲಿನ್ ಚುಚ್ಚುಮದ್ದನ್ನು ಹಿಡಿದು ನರ್ಸ್ ನಮ್ಮಮ್ಮನ ಬಳಿ ಬಂದಳು. ಅಮ್ಮ ಧಾರವಾಡದ ಕಡೆಯ ತಮ್ಮ ಕನ್ನಡದಲ್ಲಿ, "ನನಗ ಸಕ್ಕರಿ ಬ್ಯಾನಿ ಇಲ್ಲಬೇ ತಂಗಿ, ಯಾರದು ಅಂತ ನೋಡು," ಎಂದು ತೋಳನ್ನು ಹಿಂದಕ್ಕೆಳೆದುಕೊಂಡರು. ಆ ಹುಡುಗಿಗೆ ಕನ್ನಡ ಬಾರದು. ಎಳೆದುಕೊಂಡ ತೋಳು ಅರ್ಥವಾಯಿತು. ಚೀಟಿ ನೋಡಿದಳು, ಮಂಚದ ಸಂಖ್ಯೆ ನೋಡಿದಳು, ಮುಖ ಬಿಳಿಚಿಕೊಂಡಿತು. ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದು, ಇದನ್ನು ಎಲ್ಲಿಯೂ ಬರೆಯಬೇಡಿ, ಕೆಲಸ ಹೋಗುತ್ತದೆ ಎಂದು ಕೇಳಿಕೊಂಡಳು.

ಬಿಡುಗಡೆಯ ದಿನ ನನ್ನ ಕೈಗೊಂದು ಅಭಿಪ್ರಾಯ ಪತ್ರ ಬಂತು. ಊಟ ಹೇಗಿತ್ತು, ಹಾಸಿಗೆಯ ಬಟ್ಟೆ ಶುಭ್ರವಾಗಿತ್ತೇ, ಸಿಬ್ಬಂದಿ ನಗುಮುಖದಿಂದ ಮಾತಾಡಿದರೇ ಎಂಬ ಪ್ರಶ್ನೆಗಳು. ಪ್ರತಿಯೊಂದಕ್ಕೂ ಐದು ನಕ್ಷತ್ರಗಳ ಸಾಲು. ಆ ಸಂಜೆ ನಡೆದದ್ದನ್ನು, ಅಥವಾ ನಡೆಯದೆ ತಪ್ಪಿದ್ದನ್ನು, ಬರೆಯುವುದಕ್ಕೆ ಜಾಗವೇ ಇರಲಿಲ್ಲ. ನಾನು ಎಲ್ಲಕ್ಕೂ ಐದು ನಕ್ಷತ್ರ ತುಂಬಿ ಸಹಿ ಹಾಕಿ ಬಂದೆ. ಎರಡು ದಶಕಗಳಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮಾಸಿಕ ವಿವರಣಾ ಪಟ್ಟಿಗಳನ್ನು ತುಂಬುತ್ತಿರುವವನು ನಾನು. 'ನಿಲ್' ಎಂದು ಬರೆದ ಅಂಕಣವನ್ನು ಯಾರೂ ಪ್ರಶ್ನಿಸುವುದಿಲ್ಲ, ಅಂಕಿ ಬರೆದ ಅಂಕಣಕ್ಕೆ ಮಾತ್ರ ವಿವರಣೆ ಕೇಳುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ.

ಆಸ್ಪತ್ರೆಯ ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ಅಮ್ಮ ತಮ್ಮ ಅಜ್ಜಿಯ ಮಾತು ತೆಗೆಯುತ್ತಿದ್ದರು. ಆ ಅಜ್ಜಿ "ಪ್ಲೇಗಿನ ವರ್ಷ ಹುಟ್ಟಿದಾಕಿ". ಹುಬ್ಬಳ್ಳಿಯ ಹೊರಗೆ ಹೊಲದಲ್ಲಿ ಹಾಕಿದ್ದ ಗುಡಿಸಲಿನಲ್ಲಿ. ಆಕೆಯ ತಾಯಿಗೆ ತೋಳಿಗೆ ಸೂಜಿ ಚುಚ್ಚಿ ಚೀಟಿ ಕೊಟ್ಟಿದ್ದರಂತೆ. ಆ ಚೀಟಿಯ ಜಾಡು ಹಿಡಿದು ಓದುತ್ತ ಹೋದಾಗ ನನಗೆ ತಿಳಿದದ್ದು ಇದು: ಚಿಕಿತ್ಸೆಯೊಂದು ನಿಜವಾಗಿ ಕೆಲಸ ಮಾಡಿತೇ, ಅದರಿಂದ ಯಾರಿಗಾದರೂ ಕೆಡುಕಾಯಿತೇ ಎಂದು ಅಳೆಯುವ ವಿದ್ಯೆಯ ಆರಂಭದ ದೊಡ್ಡ ಪಾಠಗಳಲ್ಲಿ ಕೆಲವು ಮುಂಬಯಿಯಲ್ಲಿಯೂ ನಮ್ಮ ಹುಬ್ಬಳ್ಳಿಯಲ್ಲಿಯೂ ನಡೆದವು.

ಭಾಗಿಸುವ ಸಂಖ್ಯೆ

ಕಥೆಯನ್ನು ತುಸು ಹಿಂದಿನಿಂದ ಹೇಳಬೇಕು. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದು ನಿಂತ ದಾದಿಯ ಚಿತ್ರ ನೆನಪಾಗುತ್ತದೆ. ಆಕೆಯ ಕೈಯಲ್ಲಿ ದೀಪಕ್ಕಿಂತ ಹೆಚ್ಚು ಕಾಲ ಇದ್ದದ್ದು ಅಂಕಿಅಂಶಗಳ ಕೋಷ್ಟಕ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ಕುರಿತು 1859ರಲ್ಲಿ ನೇಮಕವಾದ ರಾಯಲ್ ಆಯೋಗದ ಹಿಂದಿನ ಶಕ್ತಿ ಆಕೆಯೇ. 1863ರಲ್ಲಿ ಹೊರಬಂದ ಅದರ ವರದಿ, ಇಲ್ಲಿ ಪ್ರತಿ ವರ್ಷ ಸಾವಿರ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದಾರೆ, ಬಹುಪಾಲು ಯುದ್ಧದಿಂದಲ್ಲ, ಕೊಳಕು ನೀರು ಮತ್ತು ಇಕ್ಕಟ್ಟಾದ ಬ್ಯಾರಕ್ಕುಗಳಿಂದ ಎಂದು ತೋರಿಸಿತು. ಆಸ್ಪತ್ರೆಗಳೆಲ್ಲ ಒಂದೇ ನಮೂನೆಯಲ್ಲಿ ಲೆಕ್ಕವಿಡಬೇಕೆಂದು 1860ರ ಲಂಡನ್ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ ಸಲಹೆಯಿಟ್ಟವಳೂ ಆಕೆಯೇ.

ಆದರೆ ಅದೇ 1863ರಲ್ಲಿ ಆಕೆಯ ಆಸ್ಪತ್ರೆ ಕುರಿತ ಪುಸ್ತಕದ ಮೂರನೆಯ ಆವೃತ್ತಿಯಲ್ಲಿ ಬಂದ ಪಟ್ಟಿಯೊಂದು ದೊಡ್ಡ ಜಗಳಕ್ಕೆ ಕಾರಣವಾಯಿತು. ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಮರಣ ಪ್ರಮಾಣ ನೂರಕ್ಕೆ 90ಕ್ಕೂ ಹೆಚ್ಚು ಎಂದು ಅದು ಹೇಳಿತ್ತು. ಹಾಗಾದರೆ ಆಸ್ಪತ್ರೆ ಸೇರಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತರೇ? ಇಲ್ಲ. ಆ ಪಟ್ಟಿಯಲ್ಲಿ ಇಡೀ ವರ್ಷದ ಸಾವುಗಳನ್ನು ಒಂದೇ ಒಂದು ದಿನ ಹಾಸಿಗೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಲಾಗಿತ್ತು. ಒಂದು ಮಂಚದ ಮೇಲೆ ವರ್ಷದಲ್ಲಿ ಹತ್ತಾರು ರೋಗಿಗಳು ಮಲಗಿ ಎದ್ದು ಹೋಗುತ್ತಾರೆ. ಅವರೆಲ್ಲರನ್ನೂ ಎಣಿಸಿದ್ದರೆ ಚಿತ್ರವೇ ಬೇರೆ. ವಿಮರ್ಶಕರು ಇನ್ನೊಂದು ಮಾತನ್ನೂ ಎತ್ತಿದರು: ನಗರದ ದೊಡ್ಡ ಆಸ್ಪತ್ರೆಗೆ ಬರುವವರು ಕಡುಕಷ್ಟದ ರೋಗಿಗಳು, ಹಳ್ಳಿಯ ಸಣ್ಣ ಆಸ್ಪತ್ರೆಗೆ ಬರುವವರು ಹಾಗಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನ್ಯಾಯವೇ?

ಸತ್ತವರನ್ನು ಎಣಿಸುವುದಕ್ಕಿಂತ, ಅವರನ್ನು ಯಾರ ಸಂಖ್ಯೆಯಿಂದ ಭಾಗಿಸಬೇಕು ಎಂಬುದೇ ಕಷ್ಟದ ಪ್ರಶ್ನೆ. ಮೂರು ದಶಕಗಳ ಬಳಿಕ ಆ ಪ್ರಶ್ನೆ ಮುಂಬಯಿಗೆ ಬಂತು.

ಓಡಿಹೋದ ಊರಿನ ಲೆಕ್ಕ

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೋ ವೀಗಸ್ ಎಂಬ ಗೋವಾ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದರು. ಮುಂದಿನ ಕೆಲವು ತಿಂಗಳಲ್ಲಿ ನಗರದಿಂದ ಓಡಿಹೋದವರ ಸಂಖ್ಯೆ ನಾಲ್ಕು ಲಕ್ಷಕ್ಕೆ ಹತ್ತಿರವೆಂದು ಅಂದಿನ ಅಂದಾಜು. 1891ರ ಜನಗಣತಿಯಂತೆ ಊರಿನ ಜನಸಂಖ್ಯೆ 8,21,764. ಎಂದರೆ ಸರಿಸುಮಾರು ಅರ್ಧ ಊರು ಖಾಲಿ. ಹೀಗಿರುವಾಗ ವಾರವಾರದ ಸಾವುಗಳನ್ನು ಯಾವ ಸಂಖ್ಯೆಯಿಂದ ಭಾಗಿಸುವುದು? ಪುಸ್ತಕದಲ್ಲಿದ್ದ ಎಂಟು ಲಕ್ಷದಿಂದಲೋ, ಬೀದಿಯಲ್ಲಿ ಉಳಿದಿದ್ದ ನಾಲ್ಕು ಲಕ್ಷದಿಂದಲೋ? ಒಂದೇ ಸಾವಿನ ಸಂಖ್ಯೆ ಒಂದು ರೀತಿಯಲ್ಲಿ ಒಂದು ಪಾಲು, ಇನ್ನೊಂದು ರೀತಿಯಲ್ಲಿ ಅದರ ಇಮ್ಮಡಿ.

ಓಡಿಹೋದವರಲ್ಲಿ ಎಷ್ಟೋ ಮಂದಿ ಉತ್ತರದ ಸಾಲ್ಸೆಟ್ ಕಡೆಗೆ ಬಂದರು. ಇಂದು ಒಂದು ಅಂಗುಲ ಜಾಗ ಸಿಗದ ನಮ್ಮ ಮಲಾಡ್ ಆಗ ಠಾಣೆ ಜಿಲ್ಲೆಗೆ ಸೇರಿದ ಹಳ್ಳಿ. ಮುಂಬಯಿ ನಗರಪಾಲಿಕೆಯ ವ್ಯಾಪ್ತಿಗೆ ಅದು ಬಂದದ್ದು 1957ರಲ್ಲಿ. ಮುಂಬಯಿಯಲ್ಲಿ ಸೋಂಕು ತಗುಲಿ ಇಲ್ಲಿಗೆ ಬಂದು ಸತ್ತವನು ಮುಂಬಯಿಯ ಪುಸ್ತಕದಲ್ಲಿ ಬದುಕಿಯೇ ಉಳಿದ. ಬಾಂದ್ರಾದಿಂದ ಉತ್ತರಕ್ಕೆ ಹಳೆಯ ಕ್ರೈಸ್ತ ವಸತಿಗಳ ಓಣಿಗಳಲ್ಲಿ ಪ್ಲೇಗಿನ ಕಾಲದಲ್ಲಿ ನೆಟ್ಟ ಶಿಲುಬೆಗಳು ಇಂದಿಗೂ ನಿಂತಿವೆ. ಲೆಕ್ಕದ ಪುಸ್ತಕ ಬಿಟ್ಟುಬಿಟ್ಟವರನ್ನು ಆ ಕಲ್ಲುಗಳು ನೆನಪಿಟ್ಟುಕೊಂಡಿವೆ.

ಪುಸ್ತಕಕ್ಕೆ ಬಂದ ಸಾವುಗಳಾದರೂ ನಿಜವೇ? 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮಾರ್ಚಿನಲ್ಲಿ ಜನರಲ್ ಗಟಾಕ್ರ್ ನೇತೃತ್ವದ ಪ್ಲೇಗ್ ಸಮಿತಿ ನೇಮಕವಾಯಿತು. ಪ್ಲೇಗ್ ಎಂದು ತಿಳಿದರೆ ರೋಗಿಯನ್ನು ಒಯ್ಯುತ್ತಾರೆ, ಮನೆಯವರನ್ನು ಬೇರ್ಪಡಿಸುತ್ತಾರೆ, ಮನೆಯ ಸಾಮಾನು ಸುಡುತ್ತಾರೆ. ಆದ್ದರಿಂದ ಜನ ರೋಗಿಯನ್ನು ಅಡಗಿಸಿಟ್ಟರು. ಸತ್ತಾಗ ಬೇರೆ ಯಾವುದೋ ಜ್ವರವೆಂದು ಬರೆಸಿದರು. ಶಿಕ್ಷೆಯ ಭಯ ಇರುವಲ್ಲಿ ಅಂಕಿ ಸುಳ್ಳಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಅಧಿಕಾರಿಗಳು ಕೊನೆಗೆ ರೋಗದ ಹೆಸರನ್ನು ನಂಬುವುದು ಬಿಟ್ಟು, ಒಟ್ಟು ಸಾವುಗಳು ಹಿಂದಿನ ವರ್ಷಗಳ ಸರಾಸರಿಗಿಂತ ಎಷ್ಟು ಹೆಚ್ಚಾಗಿವೆ ಎಂಬುದನ್ನು ನೋಡತೊಡಗಿದರು. ಕೋವಿಡ್ ಕಾಲದಲ್ಲಿ ನಾವು ಮತ್ತೆ ಕಲಿತದ್ದು ಇದೇ ಉಪಾಯವನ್ನು.

ಆಸ್ಪತ್ರೆಗಳ ಸ್ಥಿತಿಯೂ ಹಾಗೆಯೇ. ಆರ್ಥರ್ ರೋಡಿನ ಆಸ್ಪತ್ರೆಗೆ ಹೋದವನು ತಿರುಗಿ ಬರುವುದಿಲ್ಲ ಎಂಬ ಮಾತು ಹಬ್ಬಿ, 1896ರ ಅಕ್ಟೋಬರಿನಲ್ಲಿ ಗಿರಣಿ ಕಾರ್ಮಿಕರ ಗುಂಪು ಅದರ ಮೇಲೆ ದಾಳಿ ಮಾಡಿತು. ಭಯದಿಂದ ಜನ ಕೊನೆಯ ಗಳಿಗೆಯವರೆಗೆ ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡರು. ಕೊನೆಯ ಗಳಿಗೆಯಲ್ಲಿ ಬಂದವರು ಸತ್ತರು. ಸಾವಿನ ಪ್ರಮಾಣ ಏರಿತು. ಏರಿದ ಪ್ರಮಾಣ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಒಂದೊಂದು ಸಮುದಾಯ ತನ್ನದೇ ಆಸ್ಪತ್ರೆ ತೆರೆದ ಬಳಿಕ ನಂಬಿಕೆ ನಿಧಾನವಾಗಿ ಮರಳಿತು, ರೋಗಿಗಳು ಬೇಗ ಬರತೊಡಗಿದರು. ಆದರೆ ಹಾಗೆ ಬೇಗ ಬಂದವರಿರುವ ಆಸ್ಪತ್ರೆಯ ಸಾವಿನ ಪ್ರಮಾಣವನ್ನು ತಡವಾಗಿ ಬಂದವರಿರುವ ಆಸ್ಪತ್ರೆಯದಕ್ಕೆ ಹೋಲಿಸಿ ಯಾರ ಚಿಕಿತ್ಸೆ ಮೇಲು ಎನ್ನುವುದು ಸಾಧ್ಯವಿರಲಿಲ್ಲ.

ಹುಬ್ಬಳ್ಳಿಯ ಪಟ್ಟಿ

ಈ ಗೊಂದಲದ ನಡುವೆ 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದವನು ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ, 1893ರಿಂದ ಭಾರತದಲ್ಲಿ ಅದನ್ನು ಹಾಕುತ್ತ ತಿರುಗುತ್ತಿದ್ದವನು. ಬೈಕುಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಿಕ್ಕಿದ ಸಣ್ಣ ಜಾಗದಲ್ಲಿ ಕೆಲವೇ ತಿಂಗಳಲ್ಲಿ ಪ್ಲೇಗಿನ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮೊದಲ ಸೂಜಿಯನ್ನು ತನಗೇ ಚುಚ್ಚಿಸಿಕೊಂಡ. ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಉಳಿದವರನ್ನು ಹಾಗೆಯೇ ಬಿಟ್ಟು, ಎರಡೂ ಗುಂಪುಗಳನ್ನು ಎಣಿಸಲಾಯಿತು. ಲಸಿಕೆ ಪಡೆಯದವರಲ್ಲಿ ರೋಗವೂ ಸಾವೂ ಸ್ಪಷ್ಟವಾಗಿ ಹೆಚ್ಚಿದ್ದವು.

ಕೈದಿಗಳ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ ಎಂಬ ಇಂದಿನ ಪ್ರಶ್ನೆ ಇದ್ದೇ ಇದೆ. ಆದರೆ ಲೆಕ್ಕದ ದೃಷ್ಟಿಯಿಂದ ಸೆರೆಮನೆಯಂಥ ಜಾಗ ಬೇರೊಂದಿಲ್ಲ. ಬಾಗಿಲು ಮುಚ್ಚಿದೆ; ಎಲ್ಲರಿಗೂ ಒಂದೇ ಅನ್ನ, ಒಂದೇ ಗೋಡೆ, ಒಂದೇ ಇಲಿ. ಭಾಗಿಸುವ ಸಂಖ್ಯೆ ಪ್ರತಿದಿನ ಬೆಳಿಗ್ಗೆ ಹಾಜರಿ ಕೂಗುತ್ತದೆ.

ಊರಿಗೆ ಗೋಡೆಯಿಲ್ಲ. ಆಗ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದ ಹುಬ್ಬಳ್ಳಿ ಹತ್ತಿಯ ವ್ಯಾಪಾರದ ಊರು, ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ ಊರು. 1901ರ ಗಣತಿಯಲ್ಲಿ 60,214 ಜನ. 1898ರಲ್ಲಿ ಅಲ್ಲಿ ಪ್ಲೇಗ್ ಭೀಕರವಾಯಿತು. ಸರ್ಜನ್ ಕ್ಯಾಪ್ಟನ್ ಲಾಯ್ಮನ್ ಎಂಬ ಸೇನಾ ವೈದ್ಯ, ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಕೆಲವೇ ತಿಂಗಳಲ್ಲಿ ಊರಿನ ಬಹುಪಾಲು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಮನೆಯೊಳಗಿನ ಹೆಂಗಸರ ತೋಳಿಗೆ ಸೂಜಿ ತಲುಪಬೇಕಾದರೆ ವೈದ್ಯೆಯೇ ಬೇಕಾಗಿದ್ದ ಕಾಲ ಅದು. ಅಮ್ಮನ ಅಜ್ಜಿಯನ್ನು ಹೆತ್ತವಳಿಗೆ ಚೀಟಿ ಸಿಕ್ಕಿದ್ದು ಈ ಸಾಹಸದಲ್ಲಿಯೇ ಇರಬೇಕು.

ಲಾಯ್ಮನ್ ಬರಿಯ ಸೂಜಿ ಚುಚ್ಚಿ ಸುಮ್ಮನಾಗಲಿಲ್ಲ. ವಾರದ ಪಟ್ಟಿ ಇಟ್ಟ. ಲಸಿಕೆ ಪಡೆಯದವರು, ಒಮ್ಮೆ ಪಡೆದವರು, ಎರಡು ಸಲ ಪಡೆದವರು. ಪ್ರತಿ ಗುಂಪಿನಲ್ಲಿ ಎಷ್ಟು ಸಾವು. ಹಾಫ್‌ಕಿನ್ ಹೋದಲ್ಲೆಲ್ಲ ಈ ಪಟ್ಟಿಯನ್ನು ತೋರಿಸಿದ. ಹೀಗೆ ಹುಬ್ಬಳ್ಳಿಯ ಹೆಸರು ಲಂಡನ್ನಿನ ವಿದ್ವತ್ಸಭೆಗಳಲ್ಲಿ ಕೇಳಿಬಂತು. ಪಟ್ಟಿ ಹೇಳುತ್ತಿದ್ದದ್ದು ಒಂದೇ: ಲಸಿಕೆ ಪಡೆದವರು ಉಳಿಯುತ್ತಿದ್ದಾರೆ.

1898ರ ಕೊನೆಗೆ ಪ್ರೊ. ಥಾಮಸ್ ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಬಂದು ಈ ಪಟ್ಟಿಗಳನ್ನೆಲ್ಲ ಜಾಲಾಡಿತು. ಸದಸ್ಯರಲ್ಲಿ ಆಲ್ಮ್ರಾಥ್ ರೈಟ್ ಒಬ್ಬ. ಆತನೂ ವಿಷಮಶೀತ ಜ್ವರಕ್ಕೆ ಲಸಿಕೆ ಮಾಡಿದವನೇ. ಆಯೋಗದ ಆಕ್ಷೇಪ ಸಾವಿನ ಅಂಕಣದ ಮೇಲಿರಲಿಲ್ಲ, 'ಲಸಿಕೆ ಪಡೆಯದವರು' ಎಂಬ ಅಂಕಣದ ಮೇಲಿತ್ತು. ಅವರನ್ನು ಯಾರೂ ಎಣಿಸಿರಲಿಲ್ಲ. ಊರಿನ ಅಂದಾಜು ಜನಸಂಖ್ಯೆಯಿಂದ ಲಸಿಕೆ ಪಡೆದವರನ್ನು ಕಳೆದು ಉಳಿದದ್ದೇ ಆ ಸಂಖ್ಯೆ.

ಇದರ ಪರಿಣಾಮವನ್ನು ಕಲ್ಪಿತ ಉದಾಹರಣೆಯಿಂದ ನೋಡೋಣ. ಊರಿನಲ್ಲಿ 10,000 ಜನ, ಲಸಿಕೆ ಪಡೆದವರು 8,000 ಎಂದಿಟ್ಟುಕೊಳ್ಳಿ. ಪುಸ್ತಕದ ಪ್ರಕಾರ ಪಡೆಯದವರು 2,000. ಅವರಲ್ಲಿ 100 ಸಾವು: ಸಾವಿರಕ್ಕೆ 50. ಆದರೆ ಅವರಲ್ಲಿ ಸಾವಿರ ಮಂದಿ ಮೊದಲೇ ಊರು ಬಿಟ್ಟಿದ್ದರೆ ನಿಜವಾದ ಪ್ರಮಾಣ ಸಾವಿರಕ್ಕೆ 100. ಹಾಗಲ್ಲದೆ ರೋಗಕ್ಕೆ ಹೆದರಿ ಸುತ್ತಲಿನ ಹಳ್ಳಿಗಳಿಂದ ಲೆಕ್ಕಕ್ಕೆ ಸಿಗದ 2,000 ಜನ ಬಂದು ಸೇರಿದ್ದರೆ ಅದು 25. ಸಾವುಗಳು ಅಷ್ಟೇ, ಲಸಿಕೆ ಅದೇ. ಅದರ ಗುಣ ಮಾತ್ರ ನಾಲ್ಕು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಲಸಿಕೆ ಪಡೆದವರ ಸಂಖ್ಯೆ ಏರುತ್ತ ಹೋದಂತೆ ಉಳಿದವರ ಸಂಖ್ಯೆ ಸಣ್ಣದಾಗುತ್ತದೆ, ಅಂದಾಜಿನ ಒಂದು ಸಣ್ಣ ತಪ್ಪು ಅಲ್ಲಿ ಬೆಟ್ಟವಾಗುತ್ತದೆ. ಹುಬ್ಬಳ್ಳಿಯ ಕೊನೆಯ ವಾರಗಳ ಅಂಕಿಗಳ ತೊಡಕು ಇದೇ.

ಇನ್ನೂ ಸೂಕ್ಷ್ಮವಾದ ಪ್ರಶ್ನೆಗಳಿದ್ದವು. ಲಸಿಕೆ ಪಡೆಯದೆ ಉಳಿದವರು ಯಾರು? ಹಸುಗೂಸುಗಳು, ಮೊದಲೇ ಕಾಯಿಲೆ ಬಿದ್ದವರು, ಹಣ್ಣು ಮುದುಕರು. ಅವರು ಹೇಗೂ ಹೆಚ್ಚು ಸಾಯುವವರೇ. ಲಸಿಕೆ ಪಡೆದವರಿಗೆ ಚೀಟಿ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿ ಪ್ರೆಸಿಡೆನ್ಸಿಯಲ್ಲಿತ್ತು; ದುಡಿದು ತಿನ್ನುವ ಗಟ್ಟಿಮುಟ್ಟಾದವರು ಮೊದಲು ಬಂದರೆ ಆಶ್ಚರ್ಯವಿಲ್ಲ. ಸೂಜಿ ಚುಚ್ಚಿಸಿಕೊಂಡ ದಿನವೇ ರೋಗ ತೋರಿದವನನ್ನು ಯಾವ ಅಂಕಣಕ್ಕೆ ಸೇರಿಸಬೇಕು? ಮೊದಲೇ ಸೋಂಕಿತ್ತೆಂದು ತೆಗೆದುಹಾಕಿದರೆ ಲಸಿಕೆಗೆ ಒಳ್ಳೆಯ ಹೆಸರು. ಸೇರಿಸಿಕೊಂಡರೆ ಕೆಟ್ಟ ಹೆಸರು.

ಹಾಗೆಂದು ಆಯೋಗ ಲಸಿಕೆಯನ್ನು ತಳ್ಳಿಹಾಕಲಿಲ್ಲ. ಅಂಕಿಗಳಲ್ಲಿ ದೋಷವಿದೆ, ಆದರೆ ಊರೂರುಗಳಿಂದ ಬಂದ ಪಟ್ಟಿಗಳೆಲ್ಲ ಒಂದೇ ದಿಕ್ಕನ್ನು ತೋರಿಸುತ್ತಿವೆ. ಲಸಿಕೆ ಸಂಪೂರ್ಣ ರಕ್ಷೆಯಲ್ಲದಿದ್ದರೂ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆ ಎಂದು ಒಪ್ಪಿತು. ದೋಷವಿರುವ ಅಳತೆಯಿಂದಲೂ ಎಚ್ಚರಿಕೆಯಿಂದ ಸತ್ಯವನ್ನು ತೆಗೆಯಬಹುದೆಂಬುದು ಆ ವರದಿಯ ದೊಡ್ಡತನ. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕಾಲರಾ ಮತ್ತು ವಿಷಮಶೀತದ ಲಸಿಕೆಗಳ ಅಂಕಿಗಳನ್ನು ವಿಮರ್ಶಿಸುತ್ತ ಇದಕ್ಕೆ ನಿಯಮವನ್ನೇ ಬರೆದರು: ಹೋಲಿಸುವ ಎರಡು ಗುಂಪುಗಳು ಎಲ್ಲ ಮುಖ್ಯ ವಿಷಯಗಳಲ್ಲೂ ಸಮಾನವಾಗಿರಬೇಕು, ಇಬ್ಬರೂ ರೋಗಕ್ಕೆ ಸಮನಾಗಿ ಒಡ್ಡಿಕೊಂಡಿರಬೇಕು, ಯಾರು ಲಸಿಕೆ ಪಡೆದವರು ಎಂಬ ತೀರ್ಮಾನವೂ ಯಾರಿಗೆ ರೋಗ ಬಂತು ಎಂಬ ತೀರ್ಮಾನವೂ ಒಂದನ್ನೊಂದು ಅವಲಂಬಿಸಿರಬಾರದು. ಆಸ್ಪತ್ರೆ ಆಸ್ಪತ್ರೆಗಳನ್ನು ಹೋಲಿಸಿ ಅಂಕ ಕೊಡುವ ಇಂದಿನ ಪ್ರತಿಯೊಂದು ಪದ್ಧತಿಯೂ ಎಡವುವುದು ಈ ಮೂರರಲ್ಲಿ ಒಂದು ಕಲ್ಲಿಗೆ.

ಮುಲ್ಕೋವಾಲದ ಬಾಟಲಿ

1899ರಲ್ಲಿ ಹಾಫ್‌ಕಿನ್‌ನ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರವಾಯಿತು. ಬೇಡಿಕೆ ಲಕ್ಷಗಟ್ಟಲೆ. ಹೆಚ್ಚು ಲಸಿಕೆಯನ್ನು ಬೇಗ ತಯಾರಿಸಲು, ಮೊದಲು ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಕೇವಲ ಶಾಖದಿಂದ ಶುದ್ಧಿಗೊಳಿಸುವ ಕ್ರಮವನ್ನು ಆತ ತಂದ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ. ಅದರ ಗುರುತು 53-ಎನ್.

ಆ ಗುರುತು ನಮಗೆ ಗೊತ್ತಿರುವುದೇ ದೊಡ್ಡ ಮಾತು. ಯಾವ ಬಾಟಲಿ ಯಾರಿಗೆ ಹೋಯಿತೆಂದು ಯಾರೋ ಬರೆದಿಟ್ಟಿದ್ದರಿಂದಲೇ, ಉಳಿದ 88 ಮಂದಿಗೆ ಏನೂ ಆಗಲಿಲ್ಲ, ದೋಷ ಲಸಿಕೆಯದಲ್ಲ, ಒಂದು ಬಾಟಲಿಯದು ಎಂದು ತಿಳಿಯಿತು. ಆ ಬರಹ ಇಲ್ಲದಿದ್ದರೆ ಇಡೀ ಲಸಿಕೆಯೇ ಅಂದಿಗೆ ಮುಗಿಯುತ್ತಿತ್ತು.

ವಿಚಾರಣಾ ಆಯೋಗ ತಪ್ಪು ಪರೇಲಿನಲ್ಲಿ ನಡೆದಿದೆಯೆಂದು ತೀರ್ಮಾನಿಸಿತು. ಹಾಫ್‌ಕಿನ್ ಕೆಲಸದಿಂದ ದೂರವಾಗಿ ಇಂಗ್ಲೆಂಡಿಗೆ ಹೋದ. ಆದರೆ ಸಾಕ್ಷ್ಯದ ಪುಟಗಳಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ಆ ಬಾಟಲಿಯ ಮುಚ್ಚಳ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ಪ್ರಯೋಗಶಾಲೆಯಲ್ಲೇ ಕಲುಷಿತವಾಗಿದ್ದರೆ ಅಷ್ಟು ದಿನಗಳ ಬಳಿಕ ತೆರೆದಾಗ ದುರ್ವಾಸನೆ ಬರಬೇಕಿತ್ತು; ಬಂದಿರಲಿಲ್ಲ. 1907ರ ಜುಲೈನಲ್ಲಿ ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿದರು. ಆ ವರ್ಷದ ಕೊನೆಗೆ ಹಾಫ್‌ಕಿನ್ ಕಳಂಕಮುಕ್ತನಾದ. ಮರಳಿ ಭಾರತಕ್ಕೆ ಬಂದರೂ ಸ್ಥಳ ಕಲ್ಕತ್ತಾ. ಪರೇಲಿನ ತನ್ನ ಸಂಸ್ಥೆ ಮತ್ತೆ ಸಿಗಲಿಲ್ಲ. 1914ರಲ್ಲಿ ನಿವೃತ್ತ. ಸಂಸ್ಥೆಗೆ ಅವನ ಹೆಸರಿಟ್ಟದ್ದು 1925ರಲ್ಲಿ.

ಈ ಪ್ರಕರಣವನ್ನು ಓದುವಾಗ ನನ್ನನ್ನು ಕಾಡಿದ್ದು ಹಾಫ್‌ಕಿನ್‌ಗೆ ಆದ ಅನ್ಯಾಯ ಮಾತ್ರವಲ್ಲ. ವಿಚಾರಣೆಯವರು ಹುಡುಕಿದ್ದು 'ಯಾರ ತಪ್ಪು' ಎಂಬುದನ್ನು. ಅವನ ಪರವಾಗಿ ವಾದಿಸಿದವರೂ ಅದನ್ನೇ; ತಪ್ಪು ಪರೇಲಿನ ವಿಜ್ಞಾನಿಯದಲ್ಲ, ಹಳ್ಳಿಯ ಸಹಾಯಕನದು ಎಂದರು. ಚಿಮಟ ಬಿದ್ದಾಗ ಏನು ಮಾಡಬೇಕು, ಬದಲಿ ಚಿಮಟ ಕೈಗೆಟುಕುವಲ್ಲಿತ್ತೇ, ಸಾಲಿನಲ್ಲಿ ನೂರು ಜನ ಕಾಯುತ್ತಿರುವಾಗ ಬಾಟಲಿಯೊಂದನ್ನು ಎಸೆದುಬಿಡುವ ಅಧಿಕಾರ ಅವನಿಗಿತ್ತೇ ಎಂಬ ಪ್ರಶ್ನೆಗಳು ಆ ಜಗಳದಲ್ಲಿ ಹಿಂದೆ ಸರಿದವು. ಐದು ವರ್ಷ ನಡೆದ ವಾದದಲ್ಲಿ ಹೊರೆ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಹೋಯಿತು.

ಅದೇ ಅಂಗಳದಲ್ಲಿ, 90 ವರ್ಷಗಳ ಬಳಿಕ

ಹಾಫ್‌ಕಿನ್ ಲಸಿಕೆ ಸಿದ್ಧಪಡಿಸಿದ ಗ್ರಾಂಟ್ ಕಾಲೇಜಿಗೆ ಅಂಟಿಕೊಂಡಿರುವುದು ಜೆ. ಜೆ. ಆಸ್ಪತ್ರೆ. 1986ರ ಆರಂಭದಲ್ಲಿ ಅಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಸೇರಿದ್ದ ರೋಗಿಗಳ ಮೂತ್ರಪಿಂಡಗಳು ಹಠಾತ್ತನೆ ನಿಂತುಹೋಗತೊಡಗಿದವು. ಮಿದುಳಿನ ಅಥವಾ ಕಣ್ಣಿನ ಒತ್ತಡ ತಗ್ಗಿಸಲು ಅವರಿಗೆಲ್ಲ ಗ್ಲಿಸರಾಲ್ ಕೊಡಲಾಗಿತ್ತು. ಔಷಧದ ಹೆಸರಿನಲ್ಲಿ ಬಂದಿದ್ದ ಆ ದ್ರವದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಬೆರೆತಿತ್ತು. 14 ಮಂದಿ ಸತ್ತರು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಆಯೋಗ ಖರೀದಿಯಿಂದ ಹಿಡಿದು ಪರೀಕ್ಷೆ, ಆಡಳಿತ, ಮಂತ್ರಿಯ ಕಚೇರಿಯವರೆಗೆ ಇಡೀ ಸರಪಳಿಯನ್ನು ಬಿಚ್ಚಿಟ್ಟಿತು; ಆರೋಗ್ಯ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮುಲ್ಕೋವಾಲದ ವಿಚಾರಣೆ ಒಬ್ಬ ವ್ಯಕ್ತಿಯನ್ನು ಹುಡುಕಿತ್ತು. ಲೆಂಟಿನ್ ವ್ಯವಸ್ಥೆಯೊಂದನ್ನು ಕಂಡರು. ಒಂದು ವಾರ್ಡಿನಲ್ಲಿ ಒಂದು ಸಾವು ದುರದೃಷ್ಟವೆನಿಸುತ್ತದೆ. ಬೇರೆ ಬೇರೆ ವಾರ್ಡುಗಳ ಸಾವುಗಳನ್ನು ಒಂದೇ ಕಾಗದದ ಮೇಲೆ ಸಾಲಾಗಿ ಬರೆದಾಗ ಮಾತ್ರ ನಡುವಿನ ಬಾಟಲಿ ಕಣ್ಣಿಗೆ ಬೀಳುತ್ತದೆ.

ಆ ಪಾಠವೂ ಹಳೆಯದಾಗಲಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಕ್ತನಾಳಕ್ಕೆ ಏರಿಸುವ ದ್ರಾವಣದ ಮೇಲೆ. ಕರ್ನಾಟಕ ಸರ್ಕಾರ ಆ ಪೂರೈಕೆಯನ್ನು ತಡೆಹಿಡಿದು ತನಿಖೆಗಿಳಿಯಿತು.

ನಡುವೆ ಜಗತ್ತು ಸುಮ್ಮನೆ ಕುಳಿತಿರಲಿಲ್ಲ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯ, ಪ್ರತಿ ರೋಗಿಯೂ ಒಂದು ವರ್ಷದ ಬಳಿಕ ಹೇಗಿದ್ದಾನೆ ಎಂದು ನೋಡಿ ಬರೆಯಬೇಕೆಂದು ಹಟ ಹಿಡಿದ. ದೊಡ್ಡ ಆಸ್ಪತ್ರೆ ಒಪ್ಪದಿದ್ದಾಗ ತನ್ನದೇ ಸಣ್ಣ ಆಸ್ಪತ್ರೆ ನಡೆಸಿ, 1911ರಿಂದ 1916ರವರೆಗಿನ 337 ರೋಗಿಗಳಲ್ಲಿ 123 ತಪ್ಪುಗಳಾದವೆಂದು ತಾನೇ ಅಚ್ಚು ಹಾಕಿಸಿದ. ಊರಿನವರು ಅವನನ್ನು ತಲೆಕೆಟ್ಟವನೆಂದರು. 2009ರಲ್ಲಿ ಪ್ರಕಟವಾದ, ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಹೆಸರು, ಅಂಗ, ಅಲರ್ಜಿಗಳನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಒಂದು ಹಾಳೆಯ ಪಟ್ಟಿಯ ಬಳಕೆಯ ಬಳಿಕ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದದ್ದನ್ನು ತೋರಿಸಿತು. ನಮ್ಮಲ್ಲಿಯೂ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು, 2015ರಿಂದ ಶುಚಿತ್ವಕ್ಕೆ 'ಕಾಯಕಲ್ಪ', 2017ರಿಂದ ಹೆರಿಗೆ ಕೋಣೆಗಳಿಗೆ 'ಲಕ್ಷ್ಯ' ಇವೆ. ಲಸಿಕೆಯ ಬಳಿಕ ಆಗುವ ಕೆಡುಕನ್ನು ವರದಿ ಮಾಡುವಾಗ ಇಂದು ಬಾಟಲಿಯ ಬ್ಯಾಚ್ ಸಂಖ್ಯೆ ಬರೆಯಲೇಬೇಕು. 53-ಎನ್ ಎಂಬ ಆ ಗುರುತಿನ ವಂಶ ಹೀಗೆ ಮುಂದುವರಿದಿದೆ.

ಇಷ್ಟೆಲ್ಲ ಇದ್ದೂ ಮಲಾಡಿನ ಆ ಸಂಜೆ ಯಾವ ಪುಸ್ತಕಕ್ಕೂ ಸೇರಲಿಲ್ಲ. ಕಾರಣವನ್ನು 1897ರ ಮುಂಬಯಿಯೇ ಹೇಳಿಟ್ಟಿದೆ. ನಿಜ ಹೇಳಿದವನ ಮನೆಯ ಸಾಮಾನನ್ನು ಬೀದಿಗೆ ಹಾಕಿ ಸುಡುವ ಕಡೆ, ಪ್ಲೇಗು 'ಬೇರೆ ಜ್ವರ'ವಾಗುತ್ತದೆ. ತಪ್ಪು ಒಪ್ಪಿಕೊಂಡ ನರ್ಸಿನ ಕೆಲಸ ಹೋಗುವ ಕಡೆ, ತಪ್ಪು ಕೊಟ್ಟ ಚುಚ್ಚುಮದ್ದುಗಳ ಸಂಖ್ಯೆ ಸೊನ್ನೆಯಾಗುತ್ತದೆ. ಅಂಥ ಸೊನ್ನೆಯನ್ನು ಗೋಡೆಗೆ ತೂಗುಹಾಕಿದ ಆಸ್ಪತ್ರೆಗಿಂತ 123 ಎಂದು ಅಚ್ಚು ಹಾಕಿಸಿದ ಕಾಡ್ಮನ್ನನ ಆಸ್ಪತ್ರೆಯಲ್ಲಿ ನಾನು ಹೆಚ್ಚು ನೆಮ್ಮದಿಯಿಂದ ಮಲಗಿಯೇನು. ಆದರೆ ಸೊನ್ನೆ ಬರೆದವರಲ್ಲಿ ನಾನೂ ಒಬ್ಬ. ಹುಡುಗಿಯ ಮೇಲಿನ ಕನಿಕರದಿಂದ ಹಾಗೆ ಮಾಡಿದೆನೆಂದುಕೊಂಡಿದ್ದೆ. ಈಗ ಯೋಚಿಸಿದರೆ, ಆಕೆಯ ಹೆಸರೆತ್ತದೆಯೂ ಬರೆಯಬಹುದಾಗಿತ್ತು: ಒಬ್ಬಳೇ ನರ್ಸಿನ ಪಾಲಿಗೆ ಎಷ್ಟು ಮಂಚಗಳಿದ್ದವು, ರೋಗಿಯ ಕೈಗೆ ಹೆಸರಿನ ಪಟ್ಟಿ ಏಕಿರಲಿಲ್ಲ, ಚುಚ್ಚುವ ಮುನ್ನ ಹೆಸರು ಕೇಳುವ ಪದ್ಧತಿ ಏಕಿಲ್ಲ ಎಂದು. ಚಿಮಟ ಹಿಡಿದ ಕೈಯನ್ನು ಬಿಟ್ಟು ಚಿಮಟವನ್ನು ಕುರಿತು ಬರೆಯಬಹುದಾಗಿತ್ತು.

ಈ ಲೇಖನದ ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ವಾಕರ್ ಹಿಡಿದು ಬಾಲ್ಕನಿಯ ತನಕ ಹೋಗಿ ಬರುತ್ತಿದ್ದವರು ನಿಂತು ಕೇಳಿದರು. "ಬಾಜೂ ಮಂಚದ ಆ ಮುದುಕಿಗೆ ಆ ಹೊತ್ತಿನ ಸೂಜಿ ಆಮ್ಯಾಲ ಕೊಟ್ರೇನು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದನ್ನು ನೋಡಬೇಕೆಂದು ಆ ಸಂಜೆ ನನಗೆ ಹೊಳೆದೇ ಇರಲಿಲ್ಲ. ಮರುದಿನ ಆಸ್ಪತ್ರೆಯ ಮೇಲ್ವಿಚಾರಕರಿಗೆ ಪತ್ರ ಬರೆದೆ. ಯಾರ ಹೆಸರೂ ಇಲ್ಲದ, ಪ್ರಶ್ನೆಗಳು ಮಾತ್ರ ಇರುವ ಪತ್ರ. ಅಮ್ಮನ ಪ್ರಶ್ನೆಯೇ ಅದರಲ್ಲಿ ಮೊದಲನೆಯದು.